ಸವತಿಗೆ ಬೇಸಿಗೆ

ರೀ,

ನೀವಿದ್ದಾಗ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದಿರಿ. ಈಗ ನಗಲು ನೀವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನಿಮ್ಮ ಜಾಗಕ್ಕೆ ಬಂದ ಹೊಸ ಮಾಲಿ ಇವತ್ತು ಬಾಗಿಲು ತಟ್ಟಿದ. ಆಸ್ಪತ್ರೆಯ ಮುಂದುಗಡೆಯ ಹುಲ್ಲುಹಾಸು ಹಳದಿಯಾಗುತ್ತಿದೆಯಂತೆ. "ಅಮ್ಮಾ, ಬೇಸಿಗೇಲಿ ಯಜಮಾನ್ರು ಅದನ್ನ ಹೇಗೆ ನೋಡ್ಕೋತಿದ್ರು, ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದ.

ಗೊತ್ತಿಲ್ಲದೆ ಏನು! ಊಟಕ್ಕೆ ಕೂತರೆ ಆ ಸವತಿಯ ಸುದ್ದಿ ಬಿಟ್ಟು ನೀವು ಬೇರೆ ಮಾತಾಡಿದ್ದುಂಟೇ? ಬುಡಕ್ಕೇ ಕತ್ತರಿಸಿಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಣಗಿ ಸಾಯಲಿ ಎನಿಸಿತ್ತು. ಆದರೆ ಬಾಯಿಂದ ಹೊರಟದ್ದು ನಿಮ್ಮದೇ ಮಾತು: "ಗಿಡ್ಡಕ್ಕೆ ಕತ್ತರಿಸ್ಬೇಡಪ್ಪ, ಬೇರಿಗೆ ನೆರಳು ಬೇಕು. ಬೆಳಿಗ್ಗೆ ಬೇಗ ನೀರು ಬಿಡು. ಬಿಸಿಲೇರಿದ ಮೇಲೆ ಯಾರನ್ನೂ ತುಳಿಯೋಕೆ ಬಿಡ್ಬೇಡ, ಪಾಪ, ಅದಕ್ಕೆ ತಡೆಯೋಕಾಗಲ್ಲ."

ಪಾಪ ಅಂತೆ! ಅವನು ಹೋದ ಮೇಲೂ ಹೊಟ್ಟೆ ಉರಿಯುತ್ತಲೇ ಇತ್ತು. ಒಂದು ವೇಳೆ ಅದೇ ಆಸ್ಪತ್ರೆಯಲ್ಲಿ ನಾನು ಮಲಗಿದ್ದು, "ಇವರಿಗೆ ಏನು ಒಗ್ಗುತ್ತೆ, ಏನು ಆಗಲ್ಲ?" ಎಂದು ನರ್ಸ್ ನಿಮ್ಮನ್ನು ಕೇಳಿದ್ದರೆ ಏನು ಹೇಳುತ್ತಿದ್ದಿರಿ?

ರೀ, ನನಗೂ ಬಿಸಿಲು ಆಗುವುದಿಲ್ಲ.