ಹೊಗೆಯಿಲ್ಲದ ಕಾಫಿ

ಯಲಬುರ್ಗಾ
ಗುರುವಾರ, ೧೮ ಜನವರಿ ೧೯೪೫

ಚಿ. ಸೌ. ಪಾರ್ವತೆಮ್ಮನಿಗೆ ಕರಿಬಸಪ್ಪನ ಆಶೀರ್ವಾದಗಳು. ಶಿವನ ದಯೆಯಿಂದ ನಾನು ಗಟ್ಟಿಯಾಗಿದ್ದೇನೆ. ನೀನು ಹೇಗಿರುವೆ?

ಕಣ್ಣಿನ ಪಟ್ಟಿ ಬಿಚ್ಚಿದರೇ? ಬೆಳಕು ಚುಚ್ಚುತ್ತದೆಯೇ? ಪೊರೆ ತೆಗೆದ ಮೇಲೆ ತಲೆ ಬಗ್ಗಿಸಬಾರದು ಎಂದು ಡಾಕ್ಟರು ಹೇಳಿದ್ದರೆ ಬಗ್ಗಿಸಬೇಡ. ತಮ್ಮನ ಮನೆ ಎಂದು ಬಳ್ಳಾರಿಯಲ್ಲಿ ಕಸ ಹೊಡೆಯುತ್ತ, ಅಕ್ಕಿ ಆರಿಸುತ್ತ ಕೂತಿರುತ್ತೀ ಎಂಬುದು ನನಗೆ ಗೊತ್ತಿಲ್ಲವೇ? ಸುಮ್ಮನೆ ಕೂಡ್ರುವ ವಿದ್ಯೆ ನಿನಗೆ ಯಾರೂ ಕಲಿಸಲಿಲ್ಲ. ಈ ಪತ್ರವನ್ನು ಅಮರಪ್ಪನೇ ನಿನಗೆ ಓದಿ ಹೇಳಬೇಕು. ಅಮರಪ್ಪಾ, ನಡುನಡುವೆ ನಿಲ್ಲಿಸಿ ನಗಬೇಡ. ನಾನು ನಿನ್ನ ಭಾವ, ನೆನಪಿರಲಿ.

ನೀನು ಅವನ ಕೈಯಿಂದ ಬರೆಸಿದ ಪತ್ರ ಬಂತು. “ಡಾಕ್ಟರು ಇನ್ನ ಹೊಗಿ ಹತ್ತರ ಸುಳೀಬ್ಯಾಡ ಅಂದಾರ್ರಿ. ಮನ್ಯಾಗ ಮಗಳಿಲ್ಲ, ಸೊಸಿ ಇಲ್ಲ, ಒಲಿ ಹಚ್ಚಾಕ ಬರದಾಕಿ ನಾ ಅಲ್ಲಿ ಇದ್ದು ಏನ ಮಾಡ್ಲಿ? ಇಲ್ಲೇ ತವರಮನ್ಯಾಗ ಇರತೀನ್ರಿ. ನನ್ನ ದಾರಿ ನೋಡಬ್ಯಾಡ್ರಿ” ಎಂದು ಬರೆಸಿದ್ದೀ. ಓದಿ ಎಷ್ಟು ಸಿಟ್ಟು ಬಂತೆಂದರೆ, ಆ ದಿನ ಹತ್ತಿ ಕೊಳ್ಳಲು ಬಂದವರನ್ನು ಮಾತಾಡಿಸದೆ ವಾಪಸು ಕಳಿಸಿದೆ. ಅಂಗಡಿಯಲ್ಲಿ ನನ್ನ ಮುಖ ನೋಡಿದವರು ಯಾರೋ ಸತ್ತರೆಂದು ತಿಳಿದರು. ಆ ಮಾತಿಗೆ ಈಗಲೇ ಉತ್ತರ ಬರೆದರೆ ಕೈ ತಪ್ಪಿ ಏನಾದರೂ ಬಿರುಸಾಗಿ ಬರೆದೇನು. ಅದು ಇರಲಿ. ಮೊದಲು ಕಾಫಿಯ ಮಾತು.

ಪಾರ್ವತೀ, ನಿನ್ನ ಗಂಡ ಈಗ ಕಾಫಿ ಮಾಡುತ್ತಾನೆ! ಬಾಯಿ ತೆರೆದದ್ದು ಸಾಕು, ಮುಚ್ಚು. ಕುಡಿಯುವ ನೀರನ್ನೂ ಕೂಗಿ ತರಿಸಿಕೊಳ್ಳುತ್ತಿದ್ದ ಮನುಷ್ಯ, ಬೆಳಗ್ಗೆ ಎದ್ದು ತನ್ನ ಕೈಯಿಂದ ತಾನೇ ಕಾಫಿ ಮಾಡಿಕೊಂಡು, ಕಟ್ಟೆಯ ಮೇಲೆ ಕೂತು ಕುಡಿಯುತ್ತಾನೆ. ಓಣಿಯ ಹೆಂಗಸರು ನೀರಿಗೆ ಹೋಗುವ ನೆಪದಲ್ಲಿ ಬಾಗಿಲಲ್ಲಿ ಇಣುಕಿ ಹೋಗುತ್ತಾರೆ. ಇಣುಕಲಿ ಬಿಡು. ನನಗೇನು ನಾಚಿಕೆಯೇ?

ಹೇಗೆ ಶುರುವಾಯಿತು ಎಂದರೆ, ರೊಟ್ಟಿ ಬಡಿಯಲು ಬರುವ ಸಣ್ಣವ್ವನಿಗೆ ಕಾಫಿ ಮಾಡು ಎಂದೆ. ಪಾಪ, ಅವಳು ಕಾಫಿಯನ್ನು ಕಷಾಯದಂತೆಯೇ ತಿಳಿದಳು. ಕುದಿಯುವ ನೀರಿಗೆ ಪುಡಿ ಸುರಿದು, ಅರ್ಧ ನೀರು ಇಂಗುವವರೆಗೆ ಕುದಿಸಿದಳು. ಘಮಘಮ ವಾಸನೆ ಓಣಿಯ ತುಂಬ ಹೋಯಿತು, ಕಹಿ ಮಾತ್ರ ಲೋಟದಲ್ಲಿ ಉಳಿಯಿತು. ಬಾಯಿಗಿಟ್ಟರೆ ಬೇವಿನ ಸೊಪ್ಪು ಅಗಿದಂತೆ. “ಯಾಕ್ರೀ ಸಾವಕಾರ್ರ, ಇನ್ನಷ್ಟ ಕುದಸ್ಲೇನ್ರಿ?” ಎಂದು ಕೇಳಿದಳು. ಸಾಕವ್ವಾ ತಾಯಿ, ನೀನು ರೊಟ್ಟಿ ಬಡಿ, ಇದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅವಳನ್ನು ಎಬ್ಬಿಸಿ ನಾನೇ ಕೂತೆ.

ಮೊದಲು ಬಟ್ಟೆಯಲ್ಲಿ ಸೋಸಿದೆ. ನಿನ್ನ ಫಿಲ್ಟರು ಎಲ್ಲಿಟ್ಟಿದ್ದೀಯೋ, ಸಿಗಲಿಲ್ಲ. ನನ್ನ ಹೊಸ ಧೋತರದ ಅಂಚು ಹರಿದು, ಅದರಲ್ಲಿ ಪುಡಿ ಹಾಕಿ, ಮೇಲಿಂದ ಕುದಿನೀರು ಬಿಟ್ಟೆ. ಕಹಿ ಹೋಯಿತು, ಕುದಿಸಿದ್ದಕ್ಕಿಂತ ಹಗುರವಾದ, ತಿಳಿಯಾದ ಕಾಫಿ ಬಂತು. ಆದರೆ ಹೊಸ ಬಟ್ಟೆಯ ಗಂಜಿ ಬಿಟ್ಟಿತ್ತು ನೋಡು, ಗಂಜಿಯ ವಾಸನೆಯ ಮುಂದೆ ಕಾಫಿ ತಲೆ ಎತ್ತಲಿಲ್ಲ. ಬಟ್ಟೆಯನ್ನು ಒಗೆದು ಒಗೆದು ಬಳಸಿದ ಮೇಲೆ ರುಚಿ ಸುಧಾರಿಸಿತು. ಅವಸರವಿದ್ದ ದಿನ ಬಟ್ಟೆಯ ಕಾಫಿ ಸಾಕು. ಆದರೆ ಅದರಲ್ಲಿ ಗಟ್ಟಿತನವಿಲ್ಲ. ಎಮ್ಮೆಯ ಹಾಲು ಬೆರೆಸಿದರೆ ಹಾಲೇ ಗೆಲ್ಲುತ್ತದೆ.

ಆಮೇಲೆ ಕಾಳು ತುಂಬುವ ಹಗೇವಿನಲ್ಲಿ ಇಳಿದು ಹುಡುಕಿದ್ದಾಯಿತು, ಅಟ್ಟ ಹತ್ತಿದ್ದಾಯಿತು. ಕೊನೆಗೆ ನಿನ್ನ ತವರಿನ ಹಿತ್ತಾಳೆ ಫಿಲ್ಟರು ಶ್ಯಾವಿಗೆ ಡಬ್ಬಿಯೊಳಗೆ ಸಿಕ್ಕಿತು. ಅಲ್ಲಿ ಯಾಕೆ ಇಟ್ಟೆ ಮಾರಾಯ್ತಿ? ಮೊದಲ ದಿನ ಪುಡಿಯನ್ನು ಅಂಗಡಿಯಲ್ಲಿ ಹತ್ತಿ ತುಂಬಿದಂತೆ ಒತ್ತಿ ತುಂಬಿದೆ. ಬೆಳಗ್ಗೆ ಬಿಟ್ಟ ನೀರು ಮಧ್ಯಾಹ್ನವಾದರೂ ಕೆಳಗೆ ಇಳಿಯಲಿಲ್ಲ. ಮರುದಿನ ಸಡಿಲ ಬಿಟ್ಟೆ, ಹಳ್ಳದ ನೀರಿನಂತೆ ಸರ್ರನೆ ಓಡಿತು, ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಆಮೇಲೆ ತಿಳಿಯಿತು. ಪುಡಿಯ ಮೇಲಿನ ಬಿಲ್ಲೆಯನ್ನು ಮೆಲ್ಲಗೆ ಇಡಬೇಕು, ಒತ್ತಬಾರದು. ಕುದಿ ಇಳಿದ ನೀರನ್ನು ಮೊದಲು ಸ್ವಲ್ಪ ಚಿಮುಕಿಸಿ, ಪುಡಿ ನೆನೆದು ಉಬ್ಬಿದ ಮೇಲೆ ಉಳಿದದ್ದನ್ನು ಹಾಕಬೇಕು. ತೊಟ್ಟು ತೊಟ್ಟಾಗಿ ಇಳಿದ ಆ ಡಿಕಾಕ್ಷನ್ನು, ಅಬ್ಬಾ! ಜೇನಿನಷ್ಟು ಮಂದ. ವಾಸನೆಯೂ ಓಡಿಹೋಗದೆ ಒಳಗೇ ಕೂತಿರುತ್ತದೆ. ಮೀಸೆ ತಿರುವಿಕೊಂಡೆ, ಸುಳ್ಳೇಕೆ ಹೇಳಲಿ.

ಹಾಲಿನದೊಂದು ಪ್ರಾಣಸಂಕಟ. ಈ ಯುದ್ಧದ ಕಾಲದಲ್ಲಿ ಸಕ್ಕರೆ ಎಲ್ಲಿ ಸಿಗಬೇಕು? ಕುದಿಯುವ ಹಾಲಿಗೆ ಬೆಲ್ಲ ಹಾಕಿದೆ, ಒಡೆದು ಚೂರು ಚೂರಾಯಿತು. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಕರಗಿಸಿ, ಹಾಲನ್ನು ಬೆಂಕಿಯಿಂದ ಇಳಿಸಿದ ಮೇಲೆ ಬೆರೆಸಿದರೆ ಒಡೆಯುವುದಿಲ್ಲ. ನೀನು ಇಷ್ಟು ದಿನ ಹೀಗೆಯೇ ಮಾಡುತ್ತಿದ್ದೆಯಾ? ಒಂದು ದಿನವಾದರೂ ಬಾಯಿಬಿಟ್ಟು ಹೇಳಿದವಳಲ್ಲ. ನೀರಿನ ಗುಟ್ಟೂ ಅಷ್ಟೇ. ನಮ್ಮ ಹಿತ್ತಲ ಬಾವಿಯ ಸವಳು ನೀರಲ್ಲಿ ಕಾಫಿ ಮಾಡಿದರೆ ನಾಲಿಗೆಯ ಮೇಲೆ ಉಪ್ಪು ಕೂತಂತೆ. ಊರಾಚೆಯ ಸಿಹಿನೀರ ಬಾವಿಯಿಂದ ಈಗ ನಾನೇ ಕೊಡ ಹೊತ್ತು ತರುತ್ತೇನೆ.

ಪುಡಿ ಮುಗಿದಾಗ ಅಮರಪ್ಪ ಕಳಿಸಿದ ಹಸಿ ಬೀಜಗಳನ್ನು ನಾನೇ ಹುರಿದೆ, ಕಂದುಬಣ್ಣಕ್ಕೆ ತಿರುಗುವವರೆಗೆ ಕೈ ಬಿಡದೆ ಆಡಿಸಿದೆ. ಒಳಕಲ್ಲಿನಲ್ಲಿ ಕುಟ್ಟಿದೆ. ಆ ಹೊತ್ತಿಗೆ ಸರಿಯಾಗಿ ಪಕ್ಕದಂಗಡಿಯ ವಿರುಪಣ್ಣ ಬಂದ. ದೊಡ್ಡಸ್ತಿಕೆಯಿಂದ ಅವನಿಗೆ ಲೋಟ ತುಂಬಿ ಕೊಟ್ಟೆ. ಒಂದು ಗುಟುಕು ಕುಡಿದವನೇ ಕೆಮ್ಮಿದ, ಸೀನಿದ, ಕಣ್ಣೀರು ಇಳಿಸಿದ. ಹಿಂದಿನ ದಿನ ಸಣ್ಣವ್ವ ಅದೇ ಒಳಕಲ್ಲಿನಲ್ಲಿ ಒಣಮೆಣಸಿನಕಾಯಿ ಕುಟ್ಟಿದ್ದಳು! “ನೆಗಡಿಗೆ ಭಾಳ ಛಲೋ ಐತಿ ಬಿಡಪಾ ಕರಿಬಸಪ್ಪ” ಎಂದು ಲೋಟ ಪೂರ್ತಿ ಮುಗಿಸಿಯೇ ಎದ್ದ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಕ್ಕ ಮೇಲೆ ತಿರುಗಿ ನೋಡಿದರೆ ನೀನು ಬಾಗಿಲಲ್ಲಿ ನಿಂತಿರಲಿಲ್ಲ. ಆಮೇಲೆ ನಗು ಬರಲಿಲ್ಲ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಅದೇ ಪುಡಿ, ಅದೇ ನೀರು, ಅದೇ ಫಿಲ್ಟರು ಇದ್ದರೂ ರುಚಿಯಲ್ಲಿ ಏನೋ ಕೊರತೆ. ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಸೆಗಣಿ ಕುಳ್ಳಿನ ಒಲೆಯ ಮೇಲೆ ಕಾಯಿಸಿದ ಹಾಲು ಹೊಗೆ ಕುಡಿಯುತ್ತದೆ, ಆ ಹೊಗೆ ಕಾಫಿಗೂ ಹತ್ತುತ್ತದೆ. ಇದ್ದಲಿ ಮಾರುವ ಹಜರತಬೀಯಿಂದ ಇದ್ದಲಿ ತರಿಸಿ, ಶೆಗಡಿಯಲ್ಲಿ ಹೊತ್ತಿಸಿ, ಅದರ ಮೇಲೆ ಹಾಲು ಕಾಯಿಸಿ ನೋಡಿದೆ. ಆಹಾ, ಕಾಫಿ ಎಂದರೆ ಅದು! ಕುದಿಸಿದ್ದು ಕಹಿ, ಬಟ್ಟೆಯದ್ದು ತೆಳು, ಒಲೆಯದ್ದು ಹೊಗೆ. ಫಿಲ್ಟರಿನಲ್ಲಿ ಇಳಿಸಿ, ಶೆಗಡಿಯ ಹಾಲು ಬೆರೆಸಿದ ಕಾಫಿಯನ್ನು ಮೀರಿಸುವಂಥದ್ದು ಈ ಊರಲ್ಲಿ ಇನ್ನೊಂದಿಲ್ಲ. ಬಳ್ಳಾರಿಯ ಹೋಟೆಲಿನವರನ್ನು ಕರೆಸು, ನನ್ನೆದುರು ಕೂಡ್ರಿಸು, ನೋಡೋಣ. ಶೆಗಡಿಯ ಎದುರು ಬೆಳಗಿನ ಹೊತ್ತೆಲ್ಲ ಕೂತರೂ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಒಲೆಯ ಮುಂದೆ ಕೂತ ದಿನಗಳಲ್ಲಿ ಮಾತ್ರ ಕಣ್ಣು ಕೆಂಡವಾಗುತ್ತಿತ್ತು. ನೀನು ಆ ಹೊಗೆಯಲ್ಲಿ ಹೊಸ ಮದುವಣಗಿತ್ತಿಯಾಗಿ ಕೂತವಳು, ಏಳಲೇ ಇಲ್ಲ.

ಅಮರಪ್ಪನ ಹೆಂಡತಿಗೂ ಮಕ್ಕಳಿಗೂ ಆಶೀರ್ವಾದ ತಿಳಿಸು. ಹಿರಿಯರಿಗೆ ಶರಣು. ನೀನು ಹಾಲು ಕುಡಿ, ಹಗಲು ಮಲಗು, ಯಾರ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳಬೇಡ.

ನಿನ್ನ ಕ್ಷೇಮವನ್ನೇ ಬಯಸುವ,
ಕರಿಬಸಪ್ಪ

ತಾ. ಕ.: ಕೊಪ್ಪಳದ ಸ್ಟೇಷನ್ನಿಗೆ ಈ ಪತ್ರ ಒಯ್ಯಲು ವಿರುಪಣ್ಣನ ಗಾಡಿ ಕಟ್ಟಿ ನಿಂತಿದೆ, ಅವನು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಅಡಿಗೆಮನೆಯ ಒಲೆಯನ್ನು ಒಡೆದುಹಾಕಿದೆ. ಗುದ್ದಲಿ ಹಿಡಿದು ನಾನೇ ಒಡೆದೆ. ಪಕ್ಕದ ಮನೆಯಿಂದ ಮುದಕಮ್ಮತ್ತೆ ಓಡಿ ಬಂದು, “ಮನಿ ಮುರಿದಾಗ ಒಲಿ ಒಡೀತಾರೋ, ಹೇಂತಿ ಇನ್ನಾ ಜೀವಂತ ಅದಾಳೋ!” ಎಂದು ಎದೆ ಬಡಿದುಕೊಂಡಳು. ಮುರಿಯಬಾರದೆಂದೇ ಒಡೆದೆ ಅತ್ತೀ ಎಂದೆ. ರೊಟ್ಟಿಗೆ ಸಣ್ಣವ್ವ ಹಿತ್ತಲ ಛಪ್ಪರದಲ್ಲಿ ಬೇರೆ ಒಲೆ ಹೂಡಿದ್ದಾಳೆ, ಮನೆಯೊಳಗೆ ಶೆಗಡಿ ಒಂದೇ. ಒಲಿ ಹಚ್ಚಾಕ ಬರದಾಕಿ ಇದ್ದು ಏನ ಮಾಡ್ಲಿ ಎಂದು ಕೇಳಿದೆಯಲ್ಲ, ಹಚ್ಚಲು ಇಲ್ಲಿ ಒಲೆಯೇ ಇಲ್ಲ. ಅಮರಪ್ಪಾ, ಇನ್ನು ಮುಂದಿನದನ್ನು ಗಟ್ಟಿಯಾಗಿ ಓದು, ನಾಚಬೇಡ. ಪಾರ್ವತೀ, ನನಗೆ ನೀನು ಬೇಕು. ಸೋಮವಾರ ಬಳ್ಳಾರಿಗೆ ಬರುತ್ತೇನೆ. ನೀನು ಎದ್ದು ಹೊರಡುವವರೆಗೆ ನಿನ್ನ ತಮ್ಮನ ಕಟ್ಟೆಯ ಮೇಲೆ ಕೂತಿರುತ್ತೇನೆ, ಒಬ್ಬನೇ ತಿರುಗಿ ಹೋಗುವುದಿಲ್ಲ.