ಬೋಳುಗುಡ್ಡದಲ್ಲಿ ಓಗೊಟ್ಟವಳು

ತೂಬಗೆರೆ
ಬುಧವಾರ, ಬೆಳಿಗ್ಗೆ

ನನ್ನ ಬಂಗಾರದಂಥ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಹೆಸರು ಬರೆದಿಲ್ಲವೆಂದು ಮೂತಿ ಉಬ್ಬಿಸಬೇಡ, ಕಾರಣವಿದೆ. ಫೋನು ಬಿಟ್ಟು ಬೈರಣ್ಣನ ಕೈಲಿ ನೀನಿರುವ ಪಿಲ್ಲಗುಂಪೆಗೆ ಕಾಗದ ಕಳಿಸುತ್ತಿರುವುದಕ್ಕೂ ಅದೇ ಕಾರಣ.

ಭಾನುವಾರ ಬೋಳುಗುಡ್ಡಕ್ಕೆ ಹೋಗಿದ್ದೆವಲ್ಲ, ಬೆಂಗಳೂರಿನವರು ಫೋಟೊ ಹಿಡಿಯುತ್ತಾ ಜನವೋ ಜನ. ಇಳಿಯುವ ಹೊತ್ತಿಗೆ ನಮ್ಮ ಪದ್ಧತಿಯಂತೆ ತುದಿಬಂಡೆಯ ಹತ್ತಿರ ನಿಂತು, ಬಾ ಮನೆಗೆ ಹೋಗೋಣ ಅಂತ ಹೆಸರು ಹಿಡಿದು ಕರೆದೆ. ಕರೆಯದೆ ಬಂದರೆ ಜೀವ ಅಲ್ಲೇ ಉಳಿಯುತ್ತದೆ ಅಂತ ನಮ್ಮತ್ತೆ ಹೇಳುತ್ತಿದ್ದರು. ನಿಮ್ಮಪ್ಪನ ಹೆಸರು ಹೇಳಲು ನಾಚಿಕೆಯಾಗಿ ಮೆಲ್ಲಗೆ ಅಂದೆ. ಅವರು ನಕ್ಕು ಓ ಅಂದರು. ನಿನ್ನನ್ನು ಕರೆದೆ. ಬೆನ್ನ ಹಿಂದಿನಿಂದ ಓ ಅಂತ ಬಂತು. ಕರೆದ ಮೇಲೆ ತಿರುಗಿ ನೋಡುವಂತಿಲ್ಲ, ಕಾಲಸಪ್ಪಳ ಕೇಳುತ್ತಾ ಇಳಿದು ಬಂದೆ.

ಮನೆಗೆ ಬಂದು ಫೋನ್ ನೋಡಿದರೆ ನಿನ್ನ ಮೆಸೇಜು! ಡ್ಯೂಟಿಗೆ ಕರೆದರೆಂದು ಗೆಳತಿಯ ಸ್ಕೂಟರ್ ಹತ್ತಿ, ನಾನು ಕರೆಯುವ ಮೊದಲೇ ಹೋಗಿಬಿಟ್ಟಿದ್ದೀಯ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೇ?

ಓ ಅಂದು ನನ್ನ ಹಿಂದೆ ಬಂದವಳು ನಿನ್ನ ಕೋಣೆಯಲ್ಲಿದ್ದಾಳೆ. ನಿನ್ನದೇ ಮುಖ. ಮುದ್ದೆಯನ್ನೂ ನಿನ್ನಂತೆಯೇ ಅಂಚಿನಿಂದ ಮುರಿಯುತ್ತಾಳೆ. ಮೈಯಲ್ಲಿ ಬಿಸಿಲಿಗೆ ಕಾದ ಬಂಡೆಯ ವಾಸನೆ ಮಾತ್ರ ಹೋಗಿಲ್ಲ. ಯಾರಾದರೂ ನಿನ್ನ ಹೆಸರೆತ್ತಿದರೆ ಸಾಕು, ಓ ಅನ್ನುತ್ತಾಳೆ. ಪ್ರತಿ ಸಲವೂ ದನಿ ಇನ್ನಷ್ಟು ನಿನ್ನದಾಗುತ್ತಿದೆ. ಅದಕ್ಕೇ ನಿನ್ನ ಹೆಸರು ಬರೆಯಲಿಲ್ಲ, ಫೋನಿನಲ್ಲೂ ಕರೆಯಲಿಲ್ಲ. ನಿಮ್ಮಪ್ಪನಿಗೆ ಅನುಮಾನವೇ ಇಲ್ಲ, ಮಗಳು ರಜೆ ಹಾಕಿದ್ದಾಳೆಂದು ಕೋಳಿ ತಂದರು. ನನಗೆ ಭಯ ಕಣೇ. ಅದಕ್ಕಿಂತ ದೊಡ್ಡ ಭಯವೆಂದರೆ, ಅವಳು ಅಮ್ಮಾ ಅಂದಾಗ ನನ್ನ ಕರುಳು ಚುರ್ ಅನ್ನುತ್ತದೆ.

ಗುಡ್ಡದ ಬುಡದಲ್ಲಿ ಎಳನೀರು ಮಾರುವ ಅಂಜಿನಮ್ಮಜ್ಜಿಯನ್ನು ಕೇಳಿದೆ. ಅಯ್ಯೋ ನನ್ನವ್ವ, ಇಲ್ದೋರ್ನ ಕರೆದ್ಬಿಟ್ಟೆಯಾ, ಯಾರು ಓಗೊಡ್ತಾರೋ ಹೆಸರು ಅವರ್ದೇ ಆಗ್ಬಿಡ್ತದೆ ಅಂದಳು. ದಾರಿ ಒಂದೇ ಇದೆಯಂತೆ. ಬರುವ ಭಾನುವಾರ ಅವಳನ್ನು ಕರೆದುಕೊಂಡು ಗುಡ್ಡ ಹತ್ತುತ್ತೇನೆ, ನೀನೂ ಬಾ. ಅದೇ ಬಂಡೆಯ ಹತ್ತಿರ ಒಂದೇ ಸಲ ಕರೆಯುತ್ತೇನೆ. ಅವಳಿಗಿಂತ ಮೊದಲು ನೀನು ಓ ಅನ್ನಬೇಕು. ನಾನು ತಿರುಗಿ ನೋಡುವಂತಿಲ್ಲ. ಮೊದಲು ಅಂದವಳೇ ನನ್ನ ಜೊತೆ ಮನೆಗೆ ಬರುತ್ತಾಳೆ. ಹುಷಾರು ತಾಯೀ.

ನಿನ್ನ ದಾರಿಯನ್ನೇ ಕಾಯುತ್ತಿರುವ
ಅಮ್ಮ, ಭಾಗ್ಯಮ್ಮ

ಕೊನೆಗೊಂದು ಮಾತು: ಕಾಗದ ಮಡಿಚಿದ ಮೇಲೂ ಮನಸ್ಸು ತಡೆಯಲಿಲ್ಲ. ಹಿತ್ತಲಿಗೆ ಹೋಗಿ ನಿನಗೆ ಫೋನ್ ಮಾಡಿ, ಹೆಸರು ಹಿಡಿದು ಕರೆದೆ. ಒಳಗಿನಿಂದ ಅವಳು ಓ ಅಂದಳು. ಫೋನಿನಲ್ಲಿ ನೀನು, ಯಾರು ಬೇಕಾಗಿತ್ತು ಅಂತ ಕೇಳಿದೆ.