ಐದನೆಯ ಸುಳಿವು

ಮೇಟಗಳ್ಳಿ, ಮೈಸೂರು
ಶುಕ್ರವಾರ

ವರ್ಷಿಣಿಯವರಿಗೆ ನಮಸ್ಕಾರ.

ಪ್ರತಿ ಭಾನುವಾರ ಮೈಸೂರಿನ ಹಳೆಯ ಬಾರುಗಳನ್ನು ಸುತ್ತಿಸುವ ನಿಮ್ಮ ಟ್ರೆಷರ್ ಹಂಟ್‌ನಲ್ಲಿ ಐದನೆಯ ಸುಳಿವು ನಮ್ಮ ತಂದೆ ಗುರುಪಾದಸ್ವಾಮಿ. ‘ನಲವತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವರನ್ನು ಹುಡುಕಿ’ ಎಂದು ಚೀಟಿಯಲ್ಲಿ ಬರೆದಿದ್ದೀರಿ.

ಆಸ್ಪತ್ರೆಯಿಂದ ಬಂದಮೇಲೆ ಅಪ್ಪ ಐದು ತಿಂಗಳು ಕುಡಿದಿರಲಿಲ್ಲ. ಈಗ ಭಾನುವಾರ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಶರ್ಟು ಕೇಳುತ್ತಾರೆ. ಹೋಗಬೇಡಿ ಎಂದರೆ, “ಅಷ್ಟು ಜನ ನನ್ನ ಹುಡುಕ್ಕೊಂಡು ಬರ್ತಾರೆ ಕಣಮ್ಮ, ನಾನಿಲ್ದಿದ್ರೆ ಬೇಜಾರ್ ಮಾಡ್ಕೋತಾರೆ” ಎನ್ನುತ್ತಾರೆ. ಸಿಕ್ಕ ಖುಷಿಗೆ ನಿಮ್ಮವರು ಒಂದೊಂದು ಗ್ಲಾಸು ಕೊಡಿಸುತ್ತಾರೆ. ಸಂಜೆ ಆಟೋದಿಂದ ಇಳಿಸಿಕೊಳ್ಳುವವಳು ನಾನು. ಜಗಳವಾಡಿ ಸಾಕಾಗಿದೆ.

ಅವರನ್ನು ಆಟದಿಂದ ತೆಗೆದುಬಿಡಿ ಎನ್ನಲಾರೆ. ಇಷ್ಟು ಜನ ಅವರನ್ನು ಹುಡುಕಿದ್ದು ಇದೇ ಮೊದಲು. ಸುಳಿವನ್ನು ಮಾತ್ರ ಬದಲಿಸಿ. ಅವರು ಕೂರುವ ಆ ಬಾರಿನ ಬೋರ್ಡು ಬರೆದವರೂ ಅವರೇ. ಬರೆದು ಮುಗಿಸಿದ ದಿನವೇ ಆ ಕುರ್ಚಿಯಲ್ಲಿ ಮೊದಲು ಕೂತದ್ದು. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ ಅವರ ಹೆಸರಿದೆ. ಅದನ್ನು ಹುಡುಕಲು ಹೇಳಿ. ರಸ್ತೆಯಿಂದಲೇ ಕಾಣುತ್ತದೆ, ಯಾರೂ ಒಳಗೆ ಹೋಗಬೇಕಾಗಿಲ್ಲ.

ಶರ್ಟಿಗೆ ನಾನೇ ಇಸ್ತ್ರಿ ಮಾಡಿ, ಅಪ್ಪನನ್ನು ಕರೆತಂದು ಆ ಬೋರ್ಡಿನ ಕೆಳಗೆ ನಿಲ್ಲಿಸುತ್ತೇನೆ.

ಇಂತಿ,
ಸರ್ವಮಂಗಳ